ಕರೆಂಟ್ ಹೋದಾಗಿನ ಸ್ಟುಡಿಯೋ – ಭಾಗ 4

ಫೋಟೋದಾಗ ಇರೋದು ಬನಹಟ್ಟಿಯ ನಮ್ಮ ಮನಿ ಮಗ್ಗ. ಹಿಂದ ಗ್ವಾಡಿಗೆ ಕೌದಿ ಕಟ್ಟೀನಲ್ಲ, ಅದೇ ನನ್ನ ಸ್ಟುಡಿಯೋ. ಕರೆಂಟ್ ಹೋದಾಗಷ್ಟೇ ರೆಕಾರ್ಡಿಂಗು. ಕರೆಂಟ್ ಇದ್ರ ಮಗ್ಗ ನಡೀತಾವು, ಮೊಬೈಲಿನಾಗ ಬರೇ ಖಟಾಖಟ್.

ಮೊನ್ನೆ ಅಪ್ಪ ಕೇಳಿದ: "ಈ ರ‍್ಯಾಪಿನಾಗ ದೊಡ್ಡವರಾದವ್ರು ಮೊದ್ಲ ಹೊಟ್ಟಿಗೆ ಏನ್ ಮಾಡತಿದ್ರೋ?" ಬೈಯಾಕ ಕೇಳಿದ್ದಲ್ಲ. ಮೂರು ಮಗ್ಗದಾಗ ಒಂದನ್ನ ಮಾರೋ ಮಾತು ನಡದೈತಿ. ನಾನು ಅದರ ಮುಂದ ನಿಲ್ತೀನೋ ಇಲ್ಲೋ ಅನ್ನೋದು ಅವನ ಖರೇ ಪ್ರಶ್ನಿ.

ಹೇಳಿದೆ. ಹನುಮಾನ್‌ಕೈಂಡ್ ಬೆಂಗಳೂರಿನ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ನೌಕರಿ ಮಾಡಿದವನು. 2024ರ 'ಬಿಗ್ ಡಾಗ್ಸ್' ವಿಡಿಯೋ ತೋರಿಸಿದೆ, ಅಪ್ಪ ಹಾಡು ಬಿಟ್ಟು ಬಾವಿ ನೋಡಿದ, "ಇದು ಜಾತ್ರ್ಯಾಗಿನ ಸಾವಿನ ಬಾವಿ ಅಲ್ಲೇನೋ!" ನಮ್ಮ ಚಂದನ್ ಶೆಟ್ಟಿ ಮೊದಲು ಅರ್ಜುನ್ ಜನ್ಯ ಹತ್ತಿರ ಸಹಾಯಕರಾಗಿದ್ದರು.

ಎಮಿನೆಮ್ ಡೆಟ್ರಾಯಿಟ್ ಹತ್ತಿರದ ಹೋಟೆಲೊಂದರಲ್ಲಿ ತಟ್ಟೆ ತೊಳೆದ, ಅಡುಗೆ ಮಾಡಿದ. 1996ರಲ್ಲಿ ಅವನ ಮೊದಲ ಆಲ್ಬಂ 'ಇನ್ಫಿನಿಟ್' ಬಂತು. ಹೋಗಲಿಲ್ಲ. ನ್ಯೂಯಾರ್ಕಿನ ನಾಸ್ ಹಾಡಿದಂಗ ಐತಿ ಅಂದ್ರು ಜನ. ಮರುವರ್ಷ ಲಾಸ್ ಏಂಜಲೀಸಿನ ರ‍್ಯಾಪ್ ಒಲಿಂಪಿಕ್ಸ್‌ನಲ್ಲಿ ಎರಡನೇ ಸ್ಥಾನ, ಅಂದ್ರ ಸೋತ. ಆದರೆ ಅಷ್ಟರಲ್ಲಿ ತನ್ನದೇ ತಿಕ್ಕಲು ದನಿಯಲ್ಲಿ 'ಸ್ಲಿಮ್ ಶೇಡಿ' ಹಾಡುಗಳನ್ನು ಮಾಡಿಕೊಂಡಿದ್ದ. ಡಾಕ್ಟರ್ ಡ್ರೆ ಕಿವಿಗೆ ಬಿದ್ದದ್ದು ಅದು.

"ಅಂದ್ರ ಯಾರೂ ಮೊದ್ಲ ಕೆಲಸ ಬಿಟ್ಟಿಲ್ಲ" ಅಂದ ಅಪ್ಪ. ಅವನಿಗೆ ಬೇಕಾದ್ದನ್ನ ಅಂವ ಆರಿಸಿಕೊಂಡ.

ನನಗ ಚುಚ್ಚಿದ್ದು 1996ರ ಮಾತು. ನನ್ನ ಮೊದಲ ಮೂರು ಟ್ರ್ಯಾಕ್ ಕೇಳಿದವರಿಗೆ ಗೊತ್ತು, ಅದರ ತುಂಬ 'ಮಚ್ಚಾ', 'ಗುರೂ'. ಬನಹಟ್ಟಿಯೊಳಗ ಯಾರು ಮಚ್ಚಾ ಅಂತಾರ್ರೀ? 'ಐತಿ'ಯನ್ನ 'ಇದೆ' ಮಾಡಿ ಬೆಂಗಳೂರಿನವನಂಗ ಹಾಡಿದ್ದೆ. ಜಮಖಂಡಿಯ ಒಂದು ಕಾಲೇಜ್ ಗ್ಯಾದರಿಂಗಿನಾಗ ಹಾಡೋವಾಗ ಹಿಂದಿನಿಂದ ಒಬ್ಬ ಕೂಗಿದ, "ಲೇ, ಯಾವ ಊರಾಂವೋ ನೀ?" ಎಲ್ಲಾರೂ ನಕ್ರು. ಎಂಟು ತಿಂಗಳು ಒಂದು ಸಾಲೂ ಬರೀಲಿಲ್ಲ.

ಆಮೇಲೆ ಬಿಳಗಿ ಕಡೆಯ ಮುತ್ಯಾ ನೆನಪಾದ. ಸಣ್ಣಾಂವ ಇದ್ದಾಗ ಹೆಗಲ ಮ್ಯಾಲ ಕೂಡಿಸಿಕೊಂಡು ಹರದೇಶಿ-ನಾಗೇಶಿ ಕೇಳಾಕ ಒಯ್ದಿದ್ದ. ದಪ್ಪಿನ ಪೆಟ್ಟು, ತುಂತುಣಿ, ಬೆಳತನಕ ಪದ. ಗಂಡು ಹೆಚ್ಚು ಅನ್ನೋ ಮೇಳ ಪ್ರಶ್ನಿ ಒಗದ್ರ, ಹೆಣ್ಣು ಹೆಚ್ಚು ಅನ್ನೋ ಮೇಳ ಪದದಾಗ ಉತ್ತರ ಕೊಟ್ಟು ತಿರುಗಿ ಪ್ರಶ್ನಿ ಒಗೀಬೇಕು. ತಡವರಿಸಿದ್ರ ಮುಗೀತು, ಶಿಳ್ಳಿ. ಬ್ರಾಂಕ್ಸಿನಲ್ಲಿ ಕೂಲ್ ಹರ್ಕ್ ಪಾರ್ಟಿ ಮಾಡಿದ್ದು 1973ರಾಗ. ಅದಕ್ಕಿಂತ ಎಷ್ಟೋ ಮೊದ್ಲ ನಮ್ಮಲ್ಲಿ ಬ್ಯಾಟಲ್ ನಡದಿತ್ತು. ಮುಧೋಳ ತಾಲೂಕಿನ ಹಲಗಲಿ ಬೇಡರು 1857ರಾಗ ಹತಾರ ಕೊಡಂಗಿಲ್ಲ ಅಂತ ಎದ್ದದ್ದನ್ನ ಜನರ ಬಾಯಾಗ ಉಳಿಸಿದ್ದೂ ಲಾವಣಿ. ಅವರ‍್ಯಾರೂ ಬ್ಯಾರೆ ಊರಿನ ಬಾಯಿಲೆ ಹಾಡಿರಲಿಲ್ಲ.

ಹೊಸ ಟ್ರ್ಯಾಕು 'ಐತಿ'ಯಿಂದಲೇ ಶುರು ಆಗತೈತಿ. ಈ ಸಲ ಕರೆಂಟ್ ಹೋಗೋದನ್ನ ಕಾಯಲಿಲ್ಲ, ನಡಿಯೋ ಮಗ್ಗದ ಮ್ಯಾಲೇ ಹಾಡೀನಿ. ಮುಂಜಾನಿ ಪಾಳಿ ನಂದು ಅಂತ ಅಪ್ಪಗೂ ಹೇಳೀನಿ. ಮಾರೋ ಮಾತು ದೀಪಾವಳಿತನಕ ನಿಂತೈತಿ.

ರಾತ್ರಿ ಅವನ ಕಿವಿಗೆ ಇಯರ್‌ಫೋನ್ ಹಚ್ಚಿದೆ. ಕಣ್ಣು ಮುಚ್ಚಿ ಪೂರಾ ಕೇಳಿದ. ತೆಗೆದು ಕೊಟ್ಟು ಅಂದ: "ಎರಡನೇ ಮಗ್ಗದ ಸಪ್ಪಳ ಬರೋಬರಿ ಇಲ್ಲ. ನಾಳಿ ಎದ್ದ ಕೂಡಲೇ ಲಾಳಿ ನೋಡು."