ಸೊನ್ನೆಯನ್ನು ಮೊದಲು ನೋಡುತ್ತಿದ್ದ ಕಾಲ

ಕಲಬುರಗಿ, ರಾಯಚೂರು ಸೀಮೆಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮನೆತನಗಳ ಎಷ್ಟೋ ಹುಡುಗರಂತೆ ನಾನೂ ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡದಲ್ಲಿಯೇ ವಿದ್ಯಾಭ್ಯಾಸ ಮುಗಿಸಿ, ತರುವಾಯ ಬಾಲಾನಗರದಲ್ಲಿ ಮಾಪನೋಪಕರಣಗಳನ್ನು ದುರಸ್ತಿ ಮಾಡತಕ್ಕ ಸಣ್ಣದೊಂದು ಕಾರ್ಯಾಗಾರವನ್ನು ಸೇರಿದ ಕಾಲಕ್ಕೆ, ವಿದ್ಯುತ್ಪ್ರವಾಹವನ್ನು ಅಳೆಯುವುದಕ್ಕೆ ಪ್ರವಾಹದ ದಾರಿಯಲ್ಲಿಡುವ ಅಲ್ಪ ರೋಧದ ಲೋಹಪಟ್ಟಿಯಾದ ಷಂಟು ಮತ್ತು ಮುಳ್ಳಿನ ಮೀಟರುಗಳಲ್ಲದೆ ನಮಗೆ ಬೇರೆ ಸಾಧನವಿರಲಿಲ್ಲ. ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಇಲ್ಲಿಯೇ ಸ್ಥಾಪಿತವಾಗಿದ್ದಿತಾಗಿ, ಸೂಕ್ಷ್ಮಮಾಪನದ ವಿಷಯದಲ್ಲಿ ಊರಿಗೆ ಒಂದು ಅಭಿಮಾನವೂ ಇದ್ದಿತು.

ನಮ್ಮ ಉಸ್ತಾದರು ಯಾವ ಮೀಟರನ್ನು ಕೈಗೆತ್ತಿಕೊಂಡರೂ ಮೊದಲು ಪ್ರವಾಹವನ್ನು ಕಡಿದು, ಗಾಜನ್ನು ಬೆರಳ ತುದಿಯಿಂದ ಮೆಲ್ಲನೆ ತಟ್ಟಿ, ಮುಳ್ಳು ಸೊನ್ನೆಯ ಮೇಲೆ ನಿಲ್ಲುವವರೆಗೂ ಮುಂಭಾಗದ ಸ್ಕ್ರೂವನ್ನು ತಿರುಗಿಸಿದ ಹೊರತು ಮುಂದಿನ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಉಷ್ಣದ ವಿಷಯದಲ್ಲಿಯೂ ಅಂಥದೇ ಎಚ್ಚರವಿದ್ದಿತು: ತಾಮ್ರದ ರೋಧವು ಉಷ್ಣ ಏರಿದಂತೆ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರತಕ್ಕದ್ದು, ಆದಕಾರಣ ಷಂಟನ್ನು ತಾಮ್ರ, ಮ್ಯಾಂಗನೀಸ್, ನಿಕ್ಕಲ್‌ಗಳ ಮಿಶ್ರಲೋಹವಾದ ಮ್ಯಾಂಗನಿನ್ನಿನಿಂದ ಮಾಡುತ್ತಿದ್ದರು, ಇದರಲ್ಲಿ ಉಷ್ಣದಿಂದಾಗುವ ವ್ಯತ್ಯಾಸ ನಗಣ್ಯವೆನ್ನುವಷ್ಟು ಅಲ್ಪ.

ಅನಂತರ ಕೋಠಿಯ ಗುಜರಾತಿ ಗಲ್ಲಿಯ ಅಂಗಡಿಗಳಿಗೆ ಹಾಲ್ ಸೆನ್ಸರಿನ ಚಿಪ್ಪುಗಳು ಬಂದವು. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ತ್ವವು ಬೆರಳುಗುರಿನಷ್ಟು ಚಿಕ್ಕ ವಸ್ತುವಿನಲ್ಲಿ ಅಡಗಿ, ತಂತಿಯ ಕಾಂತಕ್ಷೇತ್ರದಿಂದಲೇ ಪ್ರವಾಹವನ್ನು ಹೇಳತೊಡಗಿದುದು ನಿಜಕ್ಕೂ ವಿಸ್ಮಯ. ಆದರೆ 5 ವೋಲ್ಟಿನಲ್ಲಿ ನಡೆಯುವ ಇಂಥ ಚಿಪ್ಪಿನಲ್ಲಿ ಪ್ರವಾಹವಿಲ್ಲದಾಗ ಬರಬೇಕಾದುದು 2.5 ವೋಲ್ಟು, ಬರುವುದು ಅದಕ್ಕಿಂತ ತುಸು ಹೆಚ್ಚು, ಇಲ್ಲವೆ ತುಸು ಕಡಮೆ. ಈ ವ್ಯತ್ಯಾಸವೇ ಆಫ್‌ಸೆಟ್. ಆಂಪಿಯರಿಗೆ 100 ಮಿಲಿವೋಲ್ಟ್ ಕೊಡುವ ಚಿಪ್ಪಿನಲ್ಲಿ 10 ಮಿಲಿವೋಲ್ಟಿನ ಆಫ್‌ಸೆಟ್ಟೆಂದರೆ 0.1 ಆಂಪಿಯರಿನ ಸುಳ್ಳು: 20 ಆಂಪಿಯರಿನಲ್ಲಿ ಅದು ಶೇಕಡಾ ಅರ್ಧ, 1 ಆಂಪಿಯರಿನಲ್ಲಿ ಶೇಕಡಾ 10. ಅದೂ ಸ್ಥಿರವಾಗಿರದೆ, ಚಿಪ್ಪು ಬಿಸಿಯಾದಂತೆ ಸರಿಯುತ್ತದೆ. ಕಬ್ಬಿಣದ ತಿರುಳುಳ್ಳ ಸೆನ್ಸರಾದರೆ, ಒಮ್ಮೆ ಭಾರಿ ಪ್ರವಾಹ ಹರಿದುಹೋದ ಮೇಲೆ ತಿರುಳಿನಲ್ಲಿ ಉಳಿದ ಕಾಂತತ್ವವೂ ಸೊನ್ನೆಯನ್ನು ಕದಲಿಸುತ್ತದೆ.

ಮಾಳಿಗೆಯ ಮೇಲೆ ಸೌರಫಲಕಗಳನ್ನಿಟ್ಟಿದ್ದ ಗಿರಾಕಿಯೊಬ್ಬರು, ಮೇ ತಿಂಗಳಲ್ಲಿ ಬ್ಯಾಟರಿ ತುಂಬಿದೆಯೆಂದು ಯಂತ್ರ ತೋರಿಸುತ್ತಿದ್ದರೂ ರಾತ್ರಿ ದೀಪ ನಿಲ್ಲುತ್ತಿಲ್ಲವೆಂದು, ಬ್ಯಾಟರಿಯನ್ನೇ ದೂಷಿಸಿ ಹೊಸದನ್ನು ಕೊಂಡರು. ತೊಂದರೆ ಮಾತ್ರ ಹಾಗೆಯೇ ಉಳಿಯಿತು. ಹೊರಗೆ 40 ಡಿಗ್ರಿ ಮೀರಿದ್ದ ಆ ದಿನಗಳಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕಾದು ಕುಳಿತಿದ್ದ ಸೆನ್ಸರು ಬ್ಯಾಟರಿಗೆ ಇಲ್ಲದ ಪ್ರವಾಹವನ್ನು ಬರುತ್ತಿದೆಯೆಂದು ಹೇಳುತ್ತಿದ್ದಿತು, ಯಂತ್ರವು ಅದನ್ನೇ ಕೂಡಿಸಿ ಬ್ಯಾಟರಿ ತುಂಬಿತೆಂದು ಲೆಕ್ಕ ಹಾಕುತ್ತಿದ್ದಿತು. 0.1 ಆಂಪಿಯರಿನ ಸುಳ್ಳೂ ಹಗಲಿರುಳು ಕೂಡುತ್ತ ಹೋದರೆ ದಿನಕ್ಕೆ 2.4 ಆಂಪಿಯರ್-ಅವರ್, ಹತ್ತು ದಿನಕ್ಕೆ 100 ಆಂಪಿಯರ್-ಅವರಿನ ಬ್ಯಾಟರಿಯ ಸುಮಾರು ಕಾಲುಭಾಗದಷ್ಟಾಗುತ್ತದೆ.

ಹೊಸ ಸೆನ್ಸರುಗಳನ್ನು ನಾನು ಹಳಿಯುವವನಲ್ಲ. ಸೊನ್ನೆ ನೋಡುವ ಶಿಸ್ತು ಮಾತ್ರ ಉಸ್ತಾದರ ಪೀಳಿಗೆಯೊಡನೆ ಹೊರಟುಹೋಗಿರುವುದು ನನಗೆ ವ್ಯಥೆಯ ವಿಷಯ. ಈಗ ಈ ಕೆಲಸಕ್ಕೆ ಬರುವ ತರುಣರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ತಯಾರಕರ ಹಾಳೆಯಲ್ಲಿ 25 ಡಿಗ್ರಿಗೆ ಮುದ್ರಿಸಿದ ಅಂಕಿಯನ್ನೇ ನಂಬದೆ, ಪ್ರವಾಹವನ್ನು ಕಡಿದು ಮುಂಜಾನೆಯ ತಂಪಿನಲ್ಲೊಮ್ಮೆ, ಪೆಟ್ಟಿಗೆ ಕಾದ ಮಧ್ಯಾಹ್ನದಲ್ಲೊಮ್ಮೆ ಸೊನ್ನೆಯನ್ನು ಬರೆದಿಟ್ಟುಕೊಂಡು, ಆಮೇಲೆ ಅಳೆಯಿರಿ.