ಮನೆ ಸರ್ವರ್ ಕತೆ - 4: ಅಮ್ಮನ ಫೋಲ್ಡರ್

ಹಳೇ ಲ್ಯಾಪ್‌ಟಾಪ್‌ಗೆ ಇಮಿಚ್ ಹಾಕಿ ಮನೇಲಿ ಎಲ್ಲರಿಗೂ ಬೇರೆ ಬೇರೆ ಅಕೌಂಟ್ ಮಾಡಿಕೊಟ್ಟಿದ್ದೆ. "ನಿನ್ನ ಫೋಟೊ ನಿಂಗೆ ಮಾತ್ರ ಕಾಣ್ಸೋದಮ್ಮ" ಅಂತ ಧೈರ್ಯ ಬೇರೆ ಹೇಳಿದ್ದೆ.

ಮೊನ್ನೆ ಡಿಸ್ಕ್ ತುಂಬಿತು. ಜಾಗ ಎಲ್ಲಿ ಹೋಯ್ತು ಅಂತ ಫೋಲ್ಡರ್ ತೆಗೆದ್ರೆ, ಅಮ್ಮನ ಸ್ಕ್ಯಾನ್ ರಿಪೋರ್ಟ್. ನಮಗ್ಯಾರಿಗೂ ಹೇಳಿರಲಿಲ್ಲ.

ಪಾಸ್‌ವರ್ಡ್ ಇರೋದು ಆ್ಯಪ್‌ಗೆ. ಡಿಸ್ಕ್ ಮೇಲೆ ಫೋಟೊಗಳು ಮಾಮೂಲಿ ಫೈಲ್‌ಗಳೇ. ಸರ್ವರ್ ನೋಡ್ಕೊಳ್ಳೋರು ತೆಗೆದ್ರೆ ಎಲ್ಲ ಕಾಣುತ್ತೆ. ಇದು ಗೊತ್ತಿದ್ದೂ ಹೇಳದೇ ಇದ್ದೋನು ನಾನೇ.

ರಾತ್ರಿ ಅಮ್ಮನ ಹತ್ರ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನಿನ್ನ ಪರೀಕ್ಷೆ ಮುಗೀಲಿ ಅಂತಿದ್ದೆ" ಅಂದ್ಲು.

ಆಮೇಲೆ ಇಬ್ರೂ ಕೂತು, ಅವಳ ಫೋನಿಂದ ಯಾವ ಆಲ್ಬಮ್ ಬ್ಯಾಕಪ್ ಆಗ್ಬೇಕು ಅಂತ ಅವಳೇ ಆರಿಸಿದ್ಲು. ನಾಳೆ ಆಸ್ಪತ್ರೆಗೆ ನಾನೂ ಹೋಗ್ತಿದ್ದೀನಿ.

ನಿಮ್ಮನೇಲಿ ಸರ್ವರ್ ನೋಡ್ಕೊಳ್ಳೋರು ನೀವೇನಾ? ಹಾಗಾದ್ರೆ ನಿಮಗೆ ಏನೇನು ಕಾಣುತ್ತೆ ಅಂತ ಮೊದಲೇ ಹೇಳ್ಬಿಡಿ.