ಡಿಕ್ಕಿಯಲ್ಲಿ ಎಡೆಯಿಲ್ಲದ ಡಗ್ಗಾ

ಕಾರು ಕೊಳ್ಳುವಾಗ ಉಳಿದವರು ಎಂಜಿನ್ನು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರು ಮೊದಲು ಡಿಕ್ಕಿಯ ಬಾಗಿಲು ಎತ್ತಿಸಿ ನೋಡುತ್ತೇವೆ. ಪುಣೆಯಿಂದ ಧಾರವಾಡದ ಕಡೆಗೆ ಹೊರಟಾಗ ಅದು ಅರೆಬರೆ ಖಾಲಿ. ಮರಳುವಾಗ ಅದರಲ್ಲಿ ಒಂದು ಹಗೇವೇ ಕೂತಿರುತ್ತದೆ. ಬಿಳಿಜೋಳದ ಚೀಲ, ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಳೆಯ ಸೀರೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಅಕ್ಕ ಕೊಟ್ಟ ಶಾವಿಗೆ, ತಂಗಿ ಕೊಟ್ಟ ಸಂಡಿಗೆ. ಮುಂಬಯಿಯಲ್ಲಿರುವ ಕರಾವಳಿಯ ಬಂಧುಗಳ ಡಿಕ್ಕಿಯಲ್ಲಿ ಇದೇ ಜಾಗಕ್ಕೆ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಬಂದು ಕೂಡುತ್ತವೆ. ಇಂಥ ಡಿಕ್ಕಿಯಲ್ಲಿ ಒಂದು ಧ್ವನಿಪೆಟ್ಟಿಗೆಗೆ ಎಡೆ ಕೇಳುವುದೆಂದರೆ, ಹಬ್ಬದ ದಿನ ಅಡಿಗೆಮನೆಯಲ್ಲಿ ಹಾರ್ಮೋನಿಯಂ ಇಡಲು ಕೇಳಿದ ಹಾಗೆ.

ಅದರಲ್ಲೂ ನಮ್ಮದು ಸಿ.ಎನ್.ಜಿ. ಕಾರು. ಪೆಟ್ರೋಲಿನ ಬೆಲೆಗೆ ಹೆದರಿ ಕೊಂಡದ್ದು. ಡಿಕ್ಕಿಯ ಬಾಗಿಲು ಎತ್ತಿದರೆ 60 ಲೀಟರಿನ ಸಿಲಿಂಡರು ಅತ್ತೆಯಂತೆ ಅಡ್ಡಡ್ಡ ಮಲಗಿದೆ. ಅದರ ಬೆನ್ನಿಗೆ ಸ್ಟೆಪ್ನಿ ನಿಂತಿದೆ. ಉಳಿದ ಸಂದುಗೊಂದಿನಲ್ಲಿ ನಮ್ಮ ಸಂಸಾರ. 2023ರಲ್ಲಿ ಟಾಟಾ ಕಂಪನಿಯವರು ಆಲ್ಟ್ರೋಜ್ ಕಾರಿನಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ತಲಾ 30 ಲೀಟರಿನ ಎರಡನ್ನು ತಳದಲ್ಲಿ ಮಲಗಿಸಿ, ಮೇಲಿನ ಜಾಗವನ್ನು ಬಿಡಿಸಿಕೊಟ್ಟರು. ನಮ್ಮ ಕಾರು ಅದಕ್ಕಿಂತ ಹಿಂದಿನದು. ಹಿಂದೆ ಹುಟ್ಟಿದವರಿಗೆ ಸೌಕರ್ಯ ಕಡಿಮೆ ಎಂಬುದು ಕಾರಿಗೂ ತಪ್ಪಿದ್ದಲ್ಲ.

ಹೀಗಿದ್ದೂ ನಮ್ಮ ಮನೆಯಲ್ಲಿ ಸಬ್‌ವೂಫರಿನ ಮಾತು ಎದ್ದಿತು. ಕಾಲೇಜಿಗೆ ಹೋಗುವ ಮಗ ಮನೆಯಲ್ಲಿರುವಾಗ ಅವನ ಮೇಲೆಯೇ ಓದುಗರ ಸಂಶಯ ಹೋಗುವುದು ಸಹಜ. ಆದರೆ ಮಾತು ಎತ್ತಿದವರು ಎಂಬತ್ತು ದಾಟಿದ ಅಜ್ಜ. ಅವರಿಗೆ ಸಬ್‌ವೂಫರ್ ಎಂಬ ಹೆಸರೇ ಗೊತ್ತಿಲ್ಲ. ಸಾತಾರೆ ದಾಟಿ ಕರಾಡದ ಕಡೆಗೆ ಹೊರಟಿದ್ದೆವು. ಭೀಮಸೇನ ಜೋಶಿಯವರ ಹಾಡಿಕೆ ಹಚ್ಚಿದ್ದೆವು. ಅಜ್ಜ ಬಹಳ ಹೊತ್ತು ಕಿವಿಗೊಟ್ಟು ಕೇಳಿ, "ಏನೋ, ಈ ತಬಲಾದವಗ ಒಂದ ಕೈ ಐತೇನು?" ಎಂದರು. ಮಗ ನಕ್ಕ. ನಮಗೆ ನಗೆ ಬರಲಿಲ್ಲ. ಭೀಮಸೇನರು ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು. 1953ರಲ್ಲಿ ಗುರುಗಳ ನೆನಪಿಗೆಂದು ಇಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವದ ಚಳಿಯಲ್ಲಿ, ಮೊಣಕಾಲು ಕೈಕೊಡುವವರೆಗೂ, ಅಜ್ಜ ಶಾಲು ಹೊದ್ದು ಕೂತು ಕೇಳಿದವರು. ಈಗ ಅವರ ಸಂಗೀತವೆಲ್ಲ ಕಾರಿನಲ್ಲೇ. ಊರಿಗೆ ಹೋಗುವ ನಾನೂರಕ್ಕೆ ಮಿಕ್ಕಿದ ಕಿಲೋಮೀಟರು, ಬರುವ ಅಷ್ಟೇ ಕಿಲೋಮೀಟರು. ವರ್ಷಕ್ಕೆ ಮೂರೋ ನಾಲ್ಕೋ ಸಲ. ಆ ಪ್ರಶ್ನೆ ಕೇಳಿದ ಮುಂದಿನ ಪ್ರಯಾಣದಲ್ಲಿ ಅವರು ಹಾಡು ಹಚ್ಚೆಂದು ಹೇಳಲೇ ಇಲ್ಲ. ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತರು. ನಮ್ಮನ್ನು ಅಂಗಡಿಗೆ ಕಳಿಸಿದ್ದು ಆ ಮೌನ.

ಅಜ್ಜನ ಮಾತು ನಿಜವೇ ಆಗಿತ್ತು. ಓಡುವ ಕಾರಿನ ಗದ್ದಲವೆಲ್ಲ ಹೆಚ್ಚಾಗಿ ಕೆಳದನಿಯದು. ಚಕ್ರದ ಗುಂಯ್, ಗಾಳಿಯ ಭೋರು, ಎಂಜಿನ್ನಿನ ಗುಡುಗುಡು. ಇವು ಹಾಡಿನ ಕೆಳಸ್ವರಗಳನ್ನೇ ಮೊದಲು ನುಂಗುತ್ತವೆ. ಗಂಡಸಿನ ಷಡ್ಜ ಸೆಕೆಂಡಿಗೆ ಸುಮಾರು 130 ಕಂಪನವೆಂದು ಇಟ್ಟುಕೊಂಡರೆ, ತಂಬೂರಿಯ ಖರಜದ ತಂತಿ ಅದರ ಅರ್ಧ, 65. ಬಾಗಿಲಿನಲ್ಲಿ ಕೂಡಿಸಿದ ಆರಿಂಚಿನ ಸ್ಪೀಕರು ಅಷ್ಟು ಕೆಳಗೆ ಇಳಿಯುವಷ್ಟರಲ್ಲಿ ಏದುಸಿರು ಬಿಡುತ್ತದೆ. ಹೀಗಾಗಿ ಬಲಗೈಯ ತಬಲಾ ಟಣ್ ಎನ್ನುತ್ತದೆ, ಎಡಗೈಯ ಡಗ್ಗಾ ಸಾತಾರೆಯ ರಸ್ತೆಯಲ್ಲಿ ಬಿದ್ದುಹೋಗುತ್ತದೆ. ಡಗ್ಗಾ ಕೇಳಲಿ ಎಂದು ಒಟ್ಟು ಧ್ವನಿಯನ್ನೇ ಏರಿಸಿದರೆ ತಾರಸ್ಥಾಯಿ ಕಿವಿಗೆ ದಬ್ಬಣವಾಗುತ್ತದೆ. ಸಬ್‌ವೂಫರೆಂದರೆ ಬೀದಿ ನಡುಗಿಸುವ ಯಂತ್ರವೆಂಬ ಭಾವನೆ ನಮ್ಮ ಜನರಲ್ಲಿದೆ. ಬೀದಿಯಲ್ಲಿ ಹಾಗೆ ನಡುಗಿಸುತ್ತ ಹೋಗುವವರೇ ಈ ಭಾವನೆಗೆ ಕಾರಣರು. ಸರಿಯಾಗಿ ಬಳಸಿದರೆ ಅದು ಮೆಲ್ಲಗೆ ಕೇಳುವವರ ಸಾಧನ. ಕೆಳಸ್ವರದ ಭಾರವನ್ನು ಅದು ಹೊತ್ತರೆ ಉಳಿದದ್ದನ್ನು ತಗ್ಗಿಸಿ ಕೇಳಬಹುದು.

ಅಂಗಡಿಯವನಿಗೆ ಈ ತತ್ತ್ವ ಬೇಕಾಗಿರಲಿಲ್ಲ. ನಮ್ಮ ಮಗನನ್ನು ನೋಡಿ ಹನ್ನೆರಡು ಇಂಚಿನ ವೂಫರಿನ ಪೆಟ್ಟಿಗೆಯನ್ನು ಎಳೆದು ತಂದ. ಇಂಥದಕ್ಕೆ ಗಾಳಿಕಿಂಡಿಯಿಲ್ಲದ ಮುಚ್ಚುಪೆಟ್ಟಿಗೆಯೆಂದರೂ ಒಳಗೆ ಸುಮಾರು 28 ಲೀಟರು ಜಾಗ ಬೇಕು. ಕಿಂಡಿಯಿದ್ದರೆ ಅದರ ಇಮ್ಮಡಿಯ ಹತ್ತಿರ. ಜೋಳದ ಚೀಲ ಎಲ್ಲಿಡುವುದೆಂದು ಕೇಳಿದೆವು. "ಕ್ಯಾರಿಯರ್ ಮೇಲೆ ಕಟ್ಟಿರಿ" ಎಂದ. ಮಳೆಗಾಲದ ಖಂಬಾಟಕಿ ಘಾಟಿನಲ್ಲಿ ಜೋಳವನ್ನು ಕಾರಿನ ನೆತ್ತಿಯ ಮೇಲೆ ಕಟ್ಟುವ ಮನುಷ್ಯನ ಹತ್ತಿರ ರೊಟ್ಟಿಯ ವಿಷಯ ಮಾತಾಡಿ ಫಲವಿಲ್ಲ.

ಬೇರೆ ಉಪಾಯಗಳಿಲ್ಲವೆಂದಲ್ಲ. ಸ್ಟೆಪ್ನಿಯ ನಡುವಿನ ಬಟ್ಟಲಿನಂಥ ಪೊಳ್ಳಿನಲ್ಲಿ ಕೂಡುವ ದುಂಡು ವೂಫರು ಸಿಗುತ್ತದೆ. ಸ್ಟೆಪ್ನಿ ನೆಲದಡಿ ಮಲಗಿರುವ ಕಾರಿಗೆ ಅದು ಜಾಣತನವೇ; ನಮ್ಮಲ್ಲಿ ಅದು ಎದ್ದು ನಿಂತಿದೆ. ಚಕ್ರದ ಕಮಾನಿನ ಹಿಂದೆ, ಡಿಕ್ಕಿಯ ಪಕ್ಕೆಯಲ್ಲಿ, ಫೈಬರ್‌ಗ್ಲಾಸ್ ಎರಕ ಹೊಯ್ದು ಮೂಲೆಗೆ ಸರಿಯಾಗಿ ಅಂಟುವ ಪೆಟ್ಟಿಗೆ ಮಾಡಿಕೊಡುವವರೂ ಇದ್ದಾರೆ. ನೋಡಲು ಬಹಳ ಚೆಂದ. ಆದರೆ ಗ್ಯಾಸಿನ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷೆಗೆ ಕಳಿಸಬೇಕು. ಸುತ್ತ ಕಟ್ಟಿದ್ದನ್ನೆಲ್ಲ ಆಗ ಕಿತ್ತು ಮತ್ತೆ ಕಟ್ಟಬೇಕು. 200 ಬಾರ್ ಒತ್ತಡದ ಗ್ಯಾಸು ತುಂಬಿದ ವಸ್ತುವಿನ ಪಕ್ಕದಲ್ಲಿ ಡ್ರಿಲ್ಲು ಹಾಕುವುದು, ಅದರ ವಾಲ್ವಿಗೆ ಕೈ ಹೋಗದಂತೆ ಪೆಟ್ಟಿಗೆ ಒಡ್ಡುವುದು, ಗಾಳಿಕೊಳವೆಯನ್ನು ಒತ್ತರಿಸುವುದು, ಇವು ಯಾವ ರಾಗಕ್ಕೂ ಕೊಡಬಾರದ ಬೆಲೆ. ಸಿ.ಎನ್.ಜಿ. ಕಾರಿನ ಡಿಕ್ಕಿಯಲ್ಲಿ ಒಂದು ಸ್ಕ್ರೂವನ್ನೂ ತಿರುವಬಾರದೆಂದು ಅಲ್ಲಿಗೆ ನಿಶ್ಚಯಿಸಿದೆವು.

ಇನ್ನು ಚಿಕ್ಕ ಪೆಟ್ಟಿಗೆಯ ಮಾತು. ದೊಡ್ಡ ದನಿಗೆ ದೊಡ್ಡ ಪೆಟ್ಟಿಗೆಯೇ ಬೇಕೆಂಬ ನಂಬಿಕೆ ಹಳೆಯದು. ಅದನ್ನು ಅಲುಗಿಸಿದವರು ಅಮೇರಿಕದ ಎಡ್ಗರ್ ವಿಲ್ಚರ್. 1954ರಲ್ಲಿ ಅವರು ಹೆನ್ರಿ ಕ್ಲಾಸ್ ಎಂಬವರೊಡನೆ ಕೂಡಿ ಕೇಂಬ್ರಿಜ್ ಎಂಬ ಊರಿನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. ಅಲ್ಲಿಯವರೆಗೆ ವೂಫರಿನ ಕಾಗದದ ಶಂಕುವನ್ನು ಬಿಗಿಯಾದ ಅಂಚಿನಿಂದ ಹಿಡಿದಿಡುತ್ತಿದ್ದರು. ವಿಲ್ಚರ್ ಆ ಅಂಚನ್ನು ಸಡಿಲು ಬಿಟ್ಟು, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗು ಮಾಡಿದರು. ಬೀರುವಿನಷ್ಟಿದ್ದ ಪೆಟ್ಟಿಗೆ ಪುಸ್ತಕದ ಕಪಾಟಿಗೆ ಬಂದಿತು. ಪುಕ್ಕಟೆಯಾಗಿ ಮಾತ್ರ ಅಲ್ಲ: ಪೆಟ್ಟಿಗೆ ಚಿಕ್ಕದಾದಷ್ಟೂ ಕೆಳಸ್ವರ ಎಬ್ಬಿಸಲು ವಿದ್ಯುತ್ತು ಹೆಚ್ಚು ಸುರಿಯಬೇಕು.

ಕಾರಿಗೆ ಇನ್ನೊಂದು ಅನುಕೂಲವಿದೆ. ಸೆಕೆಂಡಿಗೆ 50 ಕಂಪನದ ಸ್ವರದ ಅಲೆ ಸುಮಾರು ಏಳು ಮೀಟರು ಉದ್ದ; ಕಾರಿನೊಳಗಿನ ಕೋಣೆ ಅದರ ಅರ್ಧದಷ್ಟೂ ಇಲ್ಲ. ಅಂಥ ಸ್ವರ ಎತ್ತಣಿಂದ ಬಂತೆಂದು ಕಿವಿ ಹೇಳಲಾರದು, ಮತ್ತು ಮುಚ್ಚಿದ ಸಣ್ಣ ಕೋಣೆ ಆ ಸ್ವರಗಳನ್ನು ತಾನೇ ಒಂದಿಷ್ಟು ಎತ್ತಿ ಕೊಡುತ್ತದೆ. ಅಂದರೆ ಮೇಲಿನ ಸ್ವರಗಳಂತೆ ಮಂದ್ರಕ್ಕೆ ವೇದಿಕೆ ಬೇಡ. ಅದು ಹಿಂದೆ ಕೂತರೂ ನಡೆದೀತು, ಕಾಲಬುಡದಲ್ಲಿ ಕೂತರೂ ನಡೆದೀತು.

ಕಾಲಬುಡದಲ್ಲೇ ಕೂಡಿಸಿದೆವು. ಮುಂದಿನ ಎಡಸೀಟಿನ ಅಡಿಗೆ, ಒಳಗೇ ಆಂಪ್ಲಿಫಾಯರು ಇರುವ ಎಂಟಿಂಚಿನ ಚಪ್ಪಟೆ ಸಬ್‌ವೂಫರು. ಎತ್ತರ ನಾಲ್ಕೈದು ಬೆರಳು. ಕೊಳ್ಳುವ ಮೊದಲು ಆ ಅಳತೆಯ ರಟ್ಟಿನ ಡಬ್ಬಿ ಮಾಡಿ ಸೀಟಿನಡಿ ಇಟ್ಟು, ಸೀಟನ್ನು ಪೂರಾ ಹಿಂದಕ್ಕೂ ಮುಂದಕ್ಕೂ ಸರಿಸಿ, ಮೇಲೆ ಭಾರದ ಮನುಷ್ಯರನ್ನು ಕೂಡಿಸಿ ನೋಡಿದೆವು. (ಯಾರನ್ನೆಂಬುದು ಮನೆಯ ಗುಟ್ಟು.) ಸೀಟಿನಡಿ ಹಳದಿ ಹೊದಿಕೆಯ ತಂತಿ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಲು ಯಾರಿಗೂ ಬಿಡಬೇಡಿರಿ. ಆಂಪ್ಲಿಫಾಯರು ಬಿಸಿಯಾಗುವ ವಸ್ತುವಾದ್ದರಿಂದ ಸುತ್ತ ಗಾಳಿಯಾಡಲು ಎಡೆ ಬಿಟ್ಟೆವು. ಮಳೆಗಾಲದ ಒದ್ದೆ ಚಪ್ಪಲಿಯ ನೀರು ಹತ್ತದಂತೆ ಕಾರ್ಪೆಟ್ಟಿನಿಂದ ಅರ್ಧ ಬೆರಳು ಎತ್ತಿ ಪಟ್ಟಿಯ ಮೇಲೆ ಬಿಗಿಸಿದೆವು.

ತಂತಿಯ ಕೆಲಸದಲ್ಲಿ ಎರಡು ಸಂಗತಿಗೆ ಹಟ ಹಿಡಿದೆವು. ಬ್ಯಾಟರಿಯಿಂದ ಹೊರಟ ವಿದ್ಯುತ್ತಿನ ತಂತಿಗೆ ಎರಡು ಗೇಣಿನೊಳಗೆ ಫ್ಯೂಸು ಇರಬೇಕು. ತಗಡಿನ ಗೋಡೆ ದಾಟುವಲ್ಲಿ ಅದು ರಬ್ಬರಿನ ಬಳೆಯ ಮೂಲಕವೇ ಹಾಯಬೇಕು. ತಗಡಿಗೆ ಉಜ್ಜಿ ತೊಗಟೆ ಹರಿದ ತಂತಿಗೆ ಫ್ಯೂಸೂ ಇಲ್ಲವಾದರೆ ಕಾರಿಗೆ ಬೆಂಕಿ ತಗಲಲು ಬೇರೇನೂ ಬೇಡ. ಉಳಿದದ್ದು ಸುಲಭ. ಕಾರಿನ ಮೂಲ ರೇಡಿಯೋಕ್ಕೆ ಸಬ್‌ವೂಫರಿನ ಬೇರೆ ಬಾಯಿ ಇರದಿದ್ದರೆ ಹಿಂದಿನ ಸ್ಪೀಕರಿನ ತಂತಿಯಿಂದಲೇ ಹಾಡನ್ನು ಕವಲು ತೆಗೆಯಬಹುದು.

ಎಂಟಿಂಚಿನದಕ್ಕೆ ಮಿತಿಯಿದೆ. ಅದರ ಶಂಕುವಿನ ಹರವು ಹನ್ನೆರಡು ಇಂಚಿನದರ ಅರ್ಧಕ್ಕಿಂತ ಕಡಿಮೆ. ತಳ್ಳುವ ಗಾಳಿಯೂ ಅದೇ ಲೆಕ್ಕ. ಎದೆಗೆ ಗುದ್ದಿದಂತಾಗಬೇಕೆನ್ನುವವರಿಗೆ ಇದು ಸಪ್ಪೆ. ನಮ್ಮ ಮಗ ಒಂದು ದಿನ ಮುಖ ಊದಿಸಿಕೊಂಡಿದ್ದ. ಆದರೆ ಸಣ್ಣ ಗುಂಡಿಯಿಂದ 80 ಹರ್ಟ್ಸಿನ ಮೇಲಿನದನ್ನು ಕತ್ತರಿಸಿ, ಫೇಸಿನ ಗುಂಡಿಯನ್ನು ಆಚೆ ಈಚೆ ಒತ್ತಿ ಡಗ್ಗಾ ಎತ್ತ ತುಂಬಿ ಕೇಳುತ್ತದೋ ಅತ್ತ ಬಿಟ್ಟವನೂ ಅವನೇ. ನಂಬರುಪ್ಲೇಟು ಕಟಕಟ ಎಂದಾಗ ಅದರ ಬೆನ್ನಿಗೆ ಸ್ಪಂಜಿನ ಪಟ್ಟಿ ಅಂಟಿಸಿದವನೂ ಅವನೇ.

ಅಜ್ಜನ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಯಸ್ಸಿನ ಕಿವುಡು ಮೇಲಿನ ಸ್ವರಗಳಿಂದ ಶುರುವಾಗುತ್ತದೆ. ಸಕಾರ ಶಕಾರಗಳು ಮೊದಲು ಹೋಗುತ್ತವೆ, ಊಟಕ್ಕೆ ಬಡಿಸುವಾಗ ನಾವು "ಸಾಕೇನು?" ಎಂದರೆ ಅವರಿಗೆ "ಹಾಕಲೇನು?" ಎಂದು ಕೇಳಿಸಿ ಹೂಂ ಎನ್ನುತ್ತಾರೆ. ಕೆಳಸ್ವರ ಅವರಿಗೆ ಇನ್ನೂ ಚೆನ್ನಾಗಿ ಉಳಿದಿದೆ. ಆದ್ದರಿಂದಲೇ ಡಗ್ಗಾ ಇಲ್ಲದ್ದು ನಮಗಿಂತ ಮೊದಲು ಅವರಿಗೆ ತಿಳಿಯಿತು. ಹಾಡಿನ ಅಕ್ಷರಗಳನ್ನು ಸಬ್‌ವೂಫರು ಮರಳಿ ತರಲಾರದು. ಅದಕ್ಕೆ ಶ್ರವಣಯಂತ್ರವೇ ಬೇಕು. ಮೆಲ್ಲಗೆ ಹೇಳಿದರೆ ಕೇಳಿಸದು, ತುಸು ಜೋರಾದರೆ "ಯಾಕ ಒದರತಿ?" ಎನ್ನುವ ಮುದುಕರು ಎಲ್ಲರ ಮನೆಯಲ್ಲೂ ಇದ್ದಾರೆ, ಅದು ಹಟವಲ್ಲ, ಕಿವಿಯದೇ ಒಂದು ದೋಷ. ಆಶ್ಚರ್ಯವೆಂದರೆ, 1967ರಲ್ಲಿ ತಮ್ಮ ಕಂಪನಿಯನ್ನು ಮಾರಿದ ಮೇಲೆ ವಿಲ್ಚರ್ ಕೈಹಾಕಿದ್ದು ಇದಕ್ಕೇ. ಮೆಲುದನಿಯನ್ನು ಹೆಚ್ಚು, ಜೋರುದನಿಯನ್ನು ಕಡಿಮೆ ಏರಿಸುವ, ಬೇರೆ ಬೇರೆ ಸ್ವರಗಳಿಗೆ ಬೇರೆ ಬೇರೆ ಅಳತೆಯ ಶ್ರವಣಯಂತ್ರದ ತತ್ತ್ವವನ್ನು ಅವರು ಬೆಳೆಸಿ, ಅದಕ್ಕೆ ಪೇಟೆಂಟು ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. 2011ರಲ್ಲಿ ತೀರಿಕೊಂಡರು, ನಮ್ಮ ಭೀಮಸೇನರು ಹೋದದ್ದೂ ಅದೇ ವರ್ಷ. ಇದನ್ನು ಅಜ್ಜನಿಗೆ ಹೇಳಿ, ಕಿವಿಯ ಡಾಕ್ಟರರಲ್ಲಿಗೆ ಹೋಗೋಣವೆಂದೆವು. "ನೋಡೂನು" ಎಂದಿದ್ದಾರೆ. ಅವರ ಬಾಯಲ್ಲಿ ಅದು ಅರ್ಧ ಒಪ್ಪಿಗೆ.

ಸಬ್‌ವೂಫರಿನ ಜೊತೆಗೆ ಉದ್ದ ತಂತಿಯ ತುದಿಗೊಂದು ತಿರುಗುಗುಂಡಿ ಬರುತ್ತದೆ. ಕೆಳದನಿಯನ್ನು ಏರಿಸಲು ಇಳಿಸಲು ಇರುವ ಅದನ್ನು ಡ್ರೈವರನ ಹತ್ತಿರ ಅಂಟಿಸುವುದು ವಾಡಿಕೆ. ಮೊದಲ ಪ್ರಯಾಣದಲ್ಲಿ ಅದಕ್ಕೆ ಜಾಗ ಸಿಗದೆ ಹಿಂದಿನ ಸೀಟಿಗೆ ಹಾಯಿಸಿದ್ದೆವು. ನಿಪ್ಪಾಣಿಯ ಹತ್ತಿರ ಅದು ಅಜ್ಜನ ಕೈಗೆ ಸಿಕ್ಕಿತು. ಅಂದಿನಿಂದ ಅಲ್ಲಿಯೇ ಇದೆ. ವಿಲಂಬಿತ ಶುರುವಾದರೆ ಒಂದು ಸುತ್ತು ಏರಿಸುತ್ತಾರೆ, ತಾನು ಮುಗಿದು ಸಮ್ಮಿಗೆ ಬಂದಾಗ ಗುಂಡಿಯ ಮೇಲೆಯೇ ಬೆರಳು ಬಡಿಯುತ್ತಾರೆ. ಮಗನ ಸಿನೆಮಾ ಹಾಡಿನ ಸರದಿ ಬಂದಾಗ ಪೂರಾ ಇಳಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.